ಫೈನಲ್ ತನಕ ನಾನು ನಿರಂಜನ್

ಆ ಫುಟ್‌ಬಾಲ್ ಸೀಸನ್ನಿನಲ್ಲಿ ನನ್ನ ಹೆಸರು ನಿರಂಜನ್, ಬಿ.ಕಾಂ. ಎರಡನೇ ವರ್ಷ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುಶಾಲನಗರದ ಪಂಕ್ಚರ್ ಅಂಗಡಿಯಲ್ಲಿ ಟಯರ್ ಬಿಚ್ಚುತ್ತಿದ್ದ ಕೀರ್ತಿಕುಮಾರನಾದ ನನ್ನನ್ನು ಕಾಲೇಜಿನವರು ಒಂದೇ ಬೆಳಿಗ್ಗೆ ಪದವಿ ತರಗತಿಗೆ ಏರಿಸಿದ್ದರು. ನಿಜವಾದ ನಿರಂಜನ್ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಅವನ ಐಡಿ ಕಾರ್ಡಿನ ಮೇಲೆ ನನ್ನ ಫೋಟೋ ಅಂಟಿಸಿ ಲ್ಯಾಮಿನೇಷನ್ ಮಾಡಿಸಿದವರು ಪಿ.ಟಿ. ಮೇಷ್ಟ್ರು ತೀರ್ಥಪ್ರಸಾದ್.

"ಊರಿನ ಟೂರ್ನಮೆಂಟಲ್ಲಿ ಗೆಸ್ಟ್ ಪ್ಲೇಯರ್ ಆಡಲ್ವಾ? ಇದೂ ಹಾಗೇ ಮಾರಾಯ," ಎಂದರು. ಹಾಗಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನನಗೆ ಹುಲ್ಲಿನ ಮೈದಾನದಲ್ಲಿ ಬೂಟು ಹಾಕಿಕೊಂಡು ಆಡಬೇಕಿತ್ತು. ಆ ಆಸೆಯನ್ನು ಹಿಡಿದು ಅವರು ಎಳೆದ ಕಡೆಗೆ ನಾನು ಹೋದೆ.

ನನ್ನನ್ನು ಕರೆತಂದವನು ಚಂದ್ರು, ಆ ಕಾಲೇಜಿನಲ್ಲಿ ಓದುತ್ತಿದ್ದವನು, ನಮ್ಮ ಬೀದಿಯವನೇ. ಹಾಸನದ ಕಡೆಯಿಂದ ನಮ್ಮಿಬ್ಬರ ಅಜ್ಜಂದಿರು ಒಂದೇ ಎತ್ತಿನ ಗಾಡಿಯಲ್ಲಿ ಬಂದವರಂತೆ. ಚಂದ್ರು ಬ್ಯಾಕ್ ಆಡುತ್ತಿದ್ದ. ಮೇಲಿನಿಂದ ಬಂದ ಚೆಂಡೆಲ್ಲ ಅವನ ಹಣೆಗೇ. ಫೈನಲ್ ನೋಡಲು ಯೂನಿವರ್ಸಿಟಿ ತಂಡ ಆರಿಸುವವರು ಬರುತ್ತಾರೆ, ಆ ತಂಡ ಸೇರಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಆಗಬಹುದು ಎಂದು ಅವನು ಜೂನ್‌ನಿಂದಲೇ ಹೇಳುತ್ತಿದ್ದ. ಅವನಮ್ಮ ಚಲುವಮ್ಮ ಆಗಲೇ ಅಕ್ಕಪಕ್ಕದವರ ಮುಂದೆ ಅವನಿಗೆ ಖಾಕಿ ತೊಡಿಸಿಬಿಟ್ಟಿದ್ದರು.

ಮೊದಲ ಮೂರು ಪಂದ್ಯ ಗೆದ್ದೆವು. ಸೆಮಿಫೈನಲ್ ಮೂರ್ನಾಡಿನಲ್ಲಿ, ಸೋಮವಾರ. ಮೈದಾನ ಗದ್ದೆಯಂತಾಗಿತ್ತು. ಕೊನೆಯ ಕಾರ್ನರ್ ಬಂದಾಗ ಚಂದ್ರುವೂ ಎದುರು ತಂಡದ ಒಬ್ಬನೂ ಒಟ್ಟಿಗೆ ಹಾರಿದರು. ಟಯರಿಗೆ ಸುತ್ತಿಗೆ ಬಿದ್ದಂಥ ಸದ್ದು. ಚಂದ್ರು ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದ. ತೀರ್ಥ ಸರ್ ಓಡಿಬಂದು ಅವನ ನೆತ್ತಿಗೆ ಮಂಡಿನೋವಿನ ಸ್ಪ್ರೇ ಹೊಡೆದರು. ಅವನು ಎದ್ದ, ಚೆಂಡು ತೆಗೆದ, ನಾವು ಗೆದ್ದೆವು.

ವಾಪಸು ಬರುವಾಗ ಮಡಿಕೇರಿ ಇಳಿಯುವ ತಿರುವುಗಳಲ್ಲಿ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದ. ಹುಡುಗರು ನಕ್ಕರು.

"ಪೇಟೆ ಟೂರಿಸ್ಟ್ ಆಗೋದ ಕಣ್ಲಾ ಇವ್ನು. ನಿಂಬೆಹಣ್ಣು ಕೊಡ್ರೋ."

ಈ ರಸ್ತೆಯಲ್ಲಿ ಯಾರು ವಾಂತಿ ಮಾಡಿದರೂ ಅದು ತಿರುವಿನ ವಾಂತಿಯೇ. ಬೇರೆ ವಾಂತಿಯೂ ಇರುತ್ತದೆ ಎಂದು ಇಲ್ಲಿ ಯಾರಿಗೂ ತೋಚುವುದಿಲ್ಲ. ನನಗೆ ತೋಚಿತು, ಏಕೆಂದರೆ ಚಂದ್ರು ಇದೇ ರಸ್ತೆಯಲ್ಲಿ ಲೋಡು ಗಾಡಿಯ ಹಿಂದೆ ಕುಳಿತು ಚಿತ್ರಾನ್ನ ತಿಂದು ಬೆಳೆದವನು.

ಮರುದಿನ ಅಂಗಡಿಗೆ ಬಂದು, "ನಿನ್ನೆ ಎಷ್ಟು ಗೋಲ್ ಆಯ್ತ್ಲಾ?" ಎಂದು ಕೇಳಿದ. ಹೇಳಿದೆ. ಟೀ ಕುಡಿದು ಮತ್ತೆ ಕೇಳಿದ. ಮೂರನೇ ಸಲ ಕೇಳಿದಾಗ ನಾನು ಅಂಗಡಿ ಬಿಟ್ಟು ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದೆ. ಅವರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಮೈಸೂರಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ, ಆಟ ಬೇಡ, ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಅಪಾಯ ಎಂದರು. ಹೊರಗೆ ಬಂದ ಚಂದ್ರು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಡಚಿ ಚರಂಡಿಗೆ ಹಾಕಿದ.

"ಭಾನುವಾರ ಫೈನಲ್ ಆದ್ಮೇಲೆ ಎಲ್ಲಿಗ್ ಬೇಕಾದ್ರೂ ಬತ್ತೀನಿ. ಅವ್ವಂಗೆ ಹೇಳುದ್ರೆ ನೀನು ನನ್ ಪಾಲಿಗೆ ಸತ್ತೋದೆ."

ಅವ್ವನಿಗೆ ಹೇಳಲಿಲ್ಲ. ಆ ಹೇಡಿತನ ನನ್ನದೇ. ತೀರ್ಥ ಸರ್‌ಗೆ ಹೇಳಿದೆ. ಅವರು ಗೋಲಿನ ಬಲೆ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಹನ್ನೆರಡು ವರ್ಷ ಆಯ್ತು ನಾವು ಫೈನಲ್ ನೋಡಿ. ಅವ್ನೇ ಆಡ್ತೇನೆ ಅಂತಾನೆ. ನಿನಗೇನು?"

"ಡಾಕ್ಟ್ರು ಸಾಯ್ತಾನೆ ಅಂದವ್ರೆ ಸರ್."

"ಯಾರಿಗೆ ಅಂದದ್ದು? ನಿರಂಜನ್‌ಗಾ, ಪಂಕ್ಚರ್ ಕೀರ್ತಿಗಾ? ನೀ ಕಾಲೇಜಲ್ಲೇ ಇಲ್ಲ ಮಾರಾಯ. ಇಲ್ಲದವ್ನು ಏನು ಹೇಳೂದು? ಬಾಯಿ ಬಿಟ್ರೆ ಕಾರ್ಡಿನ ಕೇಸು ನಿನ್ನ ತಲೆಗೇ. ಫೋಟೋ ನಿಂದಲ್ವಾ?"

ನನ್ನ ಮೈ ಉರಿಯಿತು. ಆ ಬಲೆಯಲ್ಲೇ ಅವರನ್ನು ಸುತ್ತಿಬಿಡಬೇಕೆನಿಸಿತು. ಸುತ್ತಲಿಲ್ಲ. ಓದು ಬಿಟ್ಟವನಿಗೆ ಓದಿದವರ ಮುಂದೆ ಕೈಕಟ್ಟಿ ನಿಲ್ಲುವುದು ಮಾತ್ರ ಹೇಗೋ ಅಭ್ಯಾಸವಾಗಿಬಿಟ್ಟಿರುತ್ತದೆ.

ಭಾನುವಾರ ಮಡಿಕೇರಿಯಲ್ಲಿ ಮಂಜು. ಈ ಕಡೆಯ ಗೋಲಿನಿಂದ ಆ ಕಡೆಯ ಗೋಲು ಕಾಣುತ್ತಿರಲಿಲ್ಲ. ಚಂದ್ರು ಎರಡು ಬೂಟಿನ ಲೇಸಿಗೂ ಗಂಟು ಹಾಕುವುದಕ್ಕೆ ಹತ್ತು ನಿಮಿಷ ತೆಗೆದುಕೊಂಡ. ಆದರೆ ಸೀಟಿ ಊದಿದ ಮೇಲೆ ಅವನ ಕಾಲಿಗೆ ಎಲ್ಲವೂ ನೆನಪಿತ್ತು. ಇಪ್ಪತ್ತನೇ ನಿಮಿಷಕ್ಕೆ ನಾನು ಗೋಲು ಹೊಡೆದೆ. ಗ್ಯಾಲರಿ "ನಿರಂಜನ್, ನಿರಂಜನ್" ಎಂದು ಕೂಗಿತು. ಅಷ್ಟು ಜನ ನನಗಾಗಿ ಎದ್ದುನಿಂತದ್ದು ಅದೇ ಮೊದಲು, ಅದೂ ಇನ್ನೊಬ್ಬನ ಹೆಸರಿನಲ್ಲಿ.

ಎದುರು ತಂಡಕ್ಕೆ ಚಂದ್ರುವಿನ ತಲೆಯ ವಿಷಯ ಗೊತ್ತಾದಂತಿತ್ತು. ಎಲ್ಲ ಚೆಂಡನ್ನೂ ಎತ್ತರಕ್ಕೆ ಚಂದ್ರುವಿನ ಕಡೆಗೇ ಹಾಕತೊಡಗಿದರು. ಮಂಜಿನೊಳಗಿಂದ ಚೆಂಡು ಬೀಳುತ್ತಿತ್ತು, ಅವನು ಹಣೆ ಒಡ್ಡುತ್ತಿದ್ದ. ಒಂದು, ಎರಡು. ಮೂರನೆಯದಾದ ಮೇಲೆ ಅವನು ಗೋಲಿನ ಕಂಬ ಹಿಡಿದು ನಿಂತ. ಹತ್ತಿರ ಹೋದೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

"ಹೊರಗೆ ಹೋಗು ಕಣ್ಲಾ."

"ಸೆಲೆಕ್ಟರ್ ನೋಡ್ತಾವ್ರೆ. ನೀನು ಮುಂದಕ್ಕೋಗು."

ಹಾಫ್‌ಟೈಮಿನಲ್ಲಿ ತೀರ್ಥ ಸರ್ ಅವನ ತಲೆಗೆ ಮತ್ತೆ ಸ್ಪ್ರೇ ಹೊಡೆಯುತ್ತಿದ್ದರು. ನಾನು ಮೈದಾನದ ನಡುವೆ ನಿಂತಿದ್ದ ರೆಫರಿಯ ಹತ್ತಿರ ನಡೆದೆ.

"ಸರ್, ನಾನು ನಿರಂಜನ್ ಅಲ್ಲ. ಈ ಕಾಲೇಜಿನವನೂ ಅಲ್ಲ. ಕಾರ್ಡು ಡೂಪ್ಲಿಕೇಟು. ಪಂದ್ಯ ನಿಲ್ಸಿ."

ರೆಫರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗೋಲ್ ಹೊಡ್ದಾದ್ಮೇಲೆ ನೆನಪಾಯ್ತೇನಪ್ಪಾ?"

ಕಾರ್ಡು ತರಿಸಿದರು, ಪ್ರಿನ್ಸಿಪಾಲರ ಮನೆಗೆ ಫೋನು ಮಾಡಿದರು. ಹತ್ತು ನಿಮಿಷದಲ್ಲಿ, ಮುಂದೆ ಆಡದೆಯೇ, ನಾವು ಸೋತಿದ್ದೆವು. ತೀರ್ಥ ಸರ್ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದರು. ನಾನು ತಿರುಗಿ ಹೊಡೆಯಲಿಲ್ಲ, ನನ್ನ ಕಣ್ಣು ಚಂದ್ರುವಿನ ಮೇಲಿತ್ತು. ಅವನು ಬಂದು ನನ್ನ ಜೆರ್ಸಿ ಹಿಡಿದ.

"ನನ್ ಬಾಳು ತಿಂದ್ಬುಟ್ಟೆ ಕಣ್ಲಾ ನೀನು."

ಬೈಯುತ್ತಿದ್ದಾನೆ, ಅಂದರೆ ತಲೆ ಸರಿಯಾಗಿದೆ ಎಂದುಕೊಂಡೆ. ಬೇಕಾದಷ್ಟು ಬೈಯಲಿ.

ಜೆರ್ಸಿ ಬಿಟ್ಟು ಅವನು ನೆಟ್ಟಗೆ ನಡೆದುಹೋದ. ರಸ್ತೆ ಬದಿಯಲ್ಲಿ ಎರಡು ಬಸ್ಸುಗಳಿದ್ದವು. ಅವನು ಹತ್ತಿದ್ದು ಎದುರು ತಂಡದ ಬಸ್ಸು. ಗೆದ್ದ ಕಪ್ ಹಿಡಿದು ಕೂಗುತ್ತಿದ್ದ ಆ ಹುಡುಗರ ಮಧ್ಯೆ ಕಿಟಕಿಯ ಸೀಟಿನಲ್ಲಿ ಕುಳಿತು ಬೂಟು ಬಿಚ್ಚತೊಡಗಿದ. ಅವರು ಮೊದಲು ನಕ್ಕರು. "ಪಾರ್ಟಿ ಚೇಂಜಾ ಗುರೂ?" ಎಂದ ಒಬ್ಬ. ಚಂದ್ರು ಅವನನ್ನು ನೋಡಿ, "ಇವತ್ತು ಮ್ಯಾಚ್ ಎಷ್ಟೊತ್ತಿಗೆ?" ಎಂದು ಕೇಳಿದ. ಆ ಹುಡುಗ ಕಪ್ ಕೆಳಗಿಟ್ಟು ಕಿಟಕಿಯಿಂದ ನನ್ನನ್ನು ಕೈಬೀಸಿ ಕರೆದ.

ನಾನು ಹತ್ತಿ ಡ್ರೈವರಿಗೆ ಆಸ್ಪತ್ರೆಗೆ ಬಿಡಲು ಹೇಳಿದೆ. ಅವನು ಯಾರನ್ನೂ ಕೇಳದೆ ಗೇರು ಹಾಕಿದ. ಚಂದ್ರುವಿನ ಮೂಗಿನಿಂದ ತೆಳ್ಳಗೆ ರಕ್ತ ಇಳಿಯತೊಡಗಿತು. ಅವರ ತಂಡದ ಹುಡುಗನೊಬ್ಬ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ತಿರುವಿನಲ್ಲಿ ಅಲುಗದ ಹಾಗೆ.

"ನಿದ್ದೆ ಮಾಡ್ಬೇಡ ಚಂದ್ರು. ನಿಮ್ಮವ್ವನ ಹೆಸರೇನು?"

"ಚಲುವಮ್ಮ."

"ನಮ್ಮೂರು?"

ತುಂಬಾ ಹೊತ್ತು ಯೋಚಿಸಿದ. ಹೇಳಿದ.

"ನಾನ್ಯಾರ್ಲಾ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ತುಟಿ ಅಲುಗಿತು. ಕಾದೆ. ಬಸ್ಸು ಆಸ್ಪತ್ರೆಯ ಗೇಟಿನೊಳಗೆ ತಿರುಗುವ ತನಕವೂ ಕಾಯುತ್ತಲೇ ಇದ್ದೆ.