ದೀಪ ದೊಡ್ಡದು ಮಾಡು

ಕಮಲಾಪುರದ ನಮ್ಮ ಹೈಸ್ಕೂಲಿನಲ್ಲಿ ಮಷೀನುಗಳು ದುಡಿದು ಸತ್ತದ್ದನ್ನು ನಾನು ಕಂಡಿಲ್ಲ. ಎಲ್ಲವೂ ಮರ್ಯಾದೆ ಹೆಚ್ಚಾಗಿ ಸತ್ತವು. ನಾನು ಜವಾನನಾಗಿ ಸೇರಿದ ಹೊಸದರಲ್ಲಿ ಒಂದು ರೇಡಿಯೋ ಬಂತು. ಹಾರ ಹಾಕಿ ಅಲಮಾರಿಯಲ್ಲಿಟ್ಟರು, ಸೆಲ್ಲು ಸೋರಿ ಅದರ ಹೊಟ್ಟೆ ಹಸಿರಾಯಿತು. ಎಂಬತ್ತಾರರಲ್ಲಿ ಸ್ಲೈಡ್ ತೋರಿಸುವ ಪೆಟ್ಟಿಗೆ ಬಂತು. ಅದರೊಳಗೆ ಇಲಿ ಮರಿ ಹಾಕಿತು, ಆ ಮರಿಗಳಾದರೂ ಅದನ್ನು ಬಳಸಿದವು. ಆಮೇಲೆ ಬಂದ ಟಿವಿಯ ಪೆಟ್ಟಿಗೆಯ ಕೀಲಿಕೈಯನ್ನು ಆಗಿನ ಹೆಡ್ ಮಾಸ್ತರರು ರಿಟೈರ್ ಆಗುವಾಗ ಜೇಬಿನಲ್ಲೇ ಒಯ್ದರು. ಎರಡು ವರ್ಷ ಯಾರೂ ಕೇಳಲಿಲ್ಲ.

ಎರಡು ಸಾವಿರದ ಏಳರಲ್ಲಿ ಪ್ರೊಜೆಕ್ಟರ್ ಬಂದಾಗ ಹೆಡ್ ಮಾಸ್ತರರ ಕುರ್ಚಿಯಲ್ಲಿ ಪ್ರಹ್ಲಾದರಾಯರಿದ್ದರು. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ದಿನಾ ಬಸ್ಸಿಗೆ ಬರುವವರು, ದಿನಾ ನಾನು ಮೊದಲ ಗಂಟೆ ಬಾರಿಸಿದ ಮೇಲೆ ಬರುವವರು. ‘ಸಮಯಪಾಲನೆ’ ಎಂದು ಗೇಟಿನ ಮೇಲೆ ಬರೆಸಿದ್ದೂ ಅವರೇ.

ಪ್ರೊಜೆಕ್ಟರ್ ಕೊಡಿಸಿದವರು ನಮ್ಮ ಸಂಸ್ಥೆಯ ಸೆಕ್ರೆಟರಿ ಕಲ್ಯಾಣಪ್ಪ ಸಾಹುಕಾರರು. ಅದನ್ನು ನಡೆಸುವುದು ಹೇಗೆಂದು ಕಲಬುರಗಿಯಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ಶನಿವಾರ, ರವಿವಾರ. ರವಿವಾರ ಎಂದ ಕೂಡಲೇ ಎಲ್ಲ ಮಾಸ್ತರರ ಮನೆಯಲ್ಲೂ ಒಂದೊಂದು ಕಾರ್ಯಕ್ರಮ ಹುಟ್ಟಿತು. ಕೊನೆಗೆ ವಿಜ್ಞಾನ ಕಲಿಸುವ ಬಷೀರುನ್ನೀಸಾ ಟೀಚರ್ ಹೋದರು. ಅವರು ವರ್ಷದ ಕರಾರಿನ ಮೇಲೆ ಇದ್ದವರು. ಪ್ರತಿ ಜೂನಿನಲ್ಲಿ ಹೆಡ್ ಮಾಸ್ತರರು ಪತ್ರ ಬರೆದರೆ ನೌಕರಿ, ಬರೆಯದಿದ್ದರೆ ಮನೆ. ಅಂಥವರಿಗೆ ರವಿವಾರ ಇರುವುದಿಲ್ಲ.

ತಿರುಗಿ ಬಂದ ಟೀಚರ್ ನನಗೂ ಕಲಿಸಿದರು. ನಾನು ಮಹಾಗಾಂವದ ಶಾಲೆಯಲ್ಲಿ ಮೂರನೇ ಇಯತ್ತೆ ಮುಗಿಸಿದವನು. ಆದರೂ ಮಗುವಿಗೆ ಹೇಳಿದಂತೆ ಹೇಳಲಿಲ್ಲ, ಮನುಷ್ಯನಿಗೆ ಹೇಳಿದಂತೆ ಹೇಳಿದರು.

“ಚಾಚಾ, ಈ ಪಕ್ಕದಾಗ ಸ್ಪಂಜಿನಂಥ ಜಾಳಗಿ ಅದ ನೋಡ್ರಿ, ಇದು ಇದರ ಮೂಗು. ನಮ್ಮೂರ ಕೆಂಪು ಧೂಳು ಇದರಾಗ ಕೂತ್ರ ಉಸಿರು ಕಟ್ತದ. ವಾರಕ್ಕೊಮ್ಮೆ ಬ್ರಷ್ ಹೊಡೀಬೇಕು. ಲ್ಯಾಂಪ್ ಆಫ್ ಆದ ಮ್ಯಾಲೂ ಪಂಖಾ ತಿರಗ್ತಿರ್ತದ. ಅದು ನಿಲ್ಲೋತನಕ ವೈರ್ ಕೀಳಬಾರದು. ಒಳಗ ಬೆಂಕಿ ಇರ್ತದ.”

“ಎಷ್ಟೊತ್ತು ನಿಲ್ಲಬೇಕ್ರಿ ಟೀಚರ್?”

“ಒಂದು ಬೀಡಿ ಸೇದೋ ಅಷ್ಟು.”

“ಬೀಡಿ ಬಿಟ್ಟು ಹತ್ತು ವರ್ಷ ಆತ್ರಿ.”

“ಹಂಗಾರ ಬೀಡಿ ನೆನಸಕೋತ ನಿಲ್ರಿ.”

ಪ್ರತಿ ಶನಿವಾರ ನಾನು ಜಾಳಗಿ ತೆಗೆದು ಬ್ರಷ್ ಹೊಡೆದೆ. ಪಂಖ ನಿಲ್ಲುವತನಕ ಕೈಕಟ್ಟಿ ನಿಂತೆ. ಒಂಬತ್ತನೇ ಇಯತ್ತೆಯ ಹುಡುಗಿಯರು ಗೋಡೆಯ ಮೇಲೆ ಹೃದಯ ಬಡಿಯುವುದನ್ನು ನೋಡಿ ತಮ್ಮ ಎದೆಗೆ ಕೈ ಇಟ್ಟುಕೊಂಡರು. ನಾಲ್ಕು ತಿಂಗಳು ಒಂದು ಮಷೀನು ನಮ್ಮ ಶಾಲೆಯಲ್ಲಿ ಬದುಕಿತು. ಅದೇ ದೊಡ್ಡ ದಾಖಲೆ.

ಜನವರಿಯಲ್ಲಿ ಸಾಹುಕಾರರು ಪ್ರೊಜೆಕ್ಟರ್ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅಷ್ಟು ದಿನ ಅದರ ಕಡೆ ಕಣ್ಣೆತ್ತದ ರಾಯರಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಅದನ್ನು ತಮ್ಮ ಕೋಣೆಗೆ ತರಿಸಿದರು. ಕುಂಕುಮ ಹಚ್ಚಲು ಬೆರಳನ್ನು ನೇರವಾಗಿ ಬೆಳಕು ಬರುವ ಗಾಜಿಗೇ ಒಯ್ದಿದ್ದರು, ಟೀಚರ್ ಓಡಿಬಂದು ತಡೆದರು. ಮನೆಯಿಂದ ಅವರ ಹೆಂಡತಿ ಮಥುರಾಬಾಯಿಯವರು ಮಷೀನಿಗೆ ಹೊದಿಸಲು ಹೊಲಿದ ಮಖಮಲ್ ಗಲೀಫ ಬಂತು. ಕೆಂಪು ಬಟ್ಟೆ, ಸುತ್ತಲೂ ಬಂಗಾರದ ಜರಿ, ಮುಂದೆ ಬೆಳಕು ಬರಲು ಒಂದು ತೂತು. ಬಾಯಿಯವರದು ತಪ್ಪಲ್ಲ. ಅವರು ಮಷೀನು ನೋಡಿರಲಿಲ್ಲ, ಗಂಡ ಕೊಟ್ಟ ಅಳತೆಗೆ ಹೊಲಿದಿದ್ದರು. ಮೂಗಿಗೆ ತೂತು ಬೇಕೆಂದು ಗಂಡನಿಗೆ ಗೊತ್ತಿರಲಿಲ್ಲ.

ಆಮೇಲೆ ಪ್ರೊಜೆಕ್ಟರ್ ಇಡುವ ಅಲಮಾರಿಯ ಕೀಲಿಕೈಯೂ ಟೀಚರ್ ಕೈಯಿಂದ ಗೋಪಾಲನ ಕೈಗೆ ಹೋಯಿತು. ರಾಯರ ತಂಗಿಯ ಮಗ ಗೋಪಾಲ ಆ ತಿಂಗಳಷ್ಟೇ ಕಂಪ್ಯೂಟರ್ ಮಾಸ್ತರನಾಗಿ ಸೇರಿದ್ದ. ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗ, ಕೊರಳಲ್ಲಿ ಯಾವಾಗಲೂ ಪೆನ್ ಡ್ರೈವ್. ಅದರಲ್ಲಿ ಏನಿತ್ತೋ, ನಾನು ಕಂಡಂತೆ ಒಂದು ದಿನವೂ ಕೊರಳಿಂದ ಇಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹಳಬರು ‘ದೀಪ ಆರಿಸು’ ಎಂದು ಬಾಯಿಬಿಟ್ಟು ಅನ್ನುವುದಿಲ್ಲ, ಅಶುಭ. ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಅರ್ಥ ಆರಿಸು ಎಂದೇ. ನನ್ನ ಅವ್ವ ರೇವಮ್ಮನೂ ಹಾಗೇ ಅನ್ನುತ್ತಿದ್ದಳು. ರಾಯರಿಗೆ ಪ್ರೊಜೆಕ್ಟರಿನೊಳಗೆ ಲ್ಯಾಂಪ್ ಇದೆ ಎಂದು ಗೊತ್ತಾಗಿತ್ತು. ಅದರ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಸಾಹುಕಾರರು ಬರುವ ಹಿಂದಿನ ದಿನ ಮಧ್ಯಾಹ್ನ ರಿಹರ್ಸಲ್. ಗೋಪಾಲ ಗಲೀಫ ತೆಗೆಯಲು ಹೋದ, ರಾಯರು ಬಿಡಲಿಲ್ಲ.

“ಇರ್ಲಿ ಇರ್ಲಿ. ಧೂಳು ಬೀಳ್ತದ. ಶೋಭಾನೂ ಕಾಣ್ತದ.”

“ಸರ್, ಅದಕ್ಕ ಗಾಳಿ ಬೇಕ್ರಿ,” ಎಂದರು ಬಷೀರುನ್ನೀಸಾ ಟೀಚರ್.

“ಮೇಡಂ, ನಿಮ್ಮ ಎರಡು ದಿನದ ಟ್ರೇನಿಂಗ್ ನನಗ ಹೇಳಬ್ಯಾಡ್ರಿ. ನನ್ನ ಸರ್ವಿಸ್ ಇಪ್ಪತ್ತೆಂಟು ವರ್ಷ.”

ರಾಯರು ಭಾಷಣ ಸುರುಮಾಡಿದರು. ಗೋಡೆಯ ಮೇಲೆ ಹೂವಿನ ಚಿತ್ರ, ಅದರ ನಡುವೆ ‘ಸುಸ್ವಾಗತ’. ಅರ್ಧ ಗಂಟೆ ಆ ಒಂದೇ ಚಿತ್ರ ನಿಂತಿತ್ತು, ಅರ್ಧ ಗಂಟೆ ಭಾಷಣ. ಆಮೇಲೆ ಮಖಮಲ್ ಬಿಸಿಯಾದ ವಾಸನೆ ಬಂತು. ಮಷೀನಿನ ಮೇಲೆ ಕೆಂಪು ಗುಂಡಿ ಪಿಳಿಪಿಳಿ ಎಂದಿತು. ರಾಯರ ಧೈರ್ಯ ಅಲ್ಲಿಗೆ ಮುಗಿಯಿತು.

“ಏ ಗೋಪಾಲ! ದೀಪ ದೊಡ್ಡದು ಮಾಡೋ! ಲಗೂನ!”

ಗೋಪಾಲ ರಿಮೋಟ್ ಎತ್ತಿ ಗುಂಡಿ ಒತ್ತಿದ. ಗೋಡೆ ಇನ್ನಷ್ಟು ಬೆಳಗಿತು.

“ಸರ್, ಬಂದ್ ಮಾಡ್ರಿ! ಅವ್ರು ಬಂದ್ ಮಾಡು ಅನ್ನಾಕತ್ತಾರ!” ಟೀಚರ್ ಕೂಗಿದರು.

ಗೋಪಾಲ ನಕ್ಕ. “ಮಾಮಾ ದೊಡ್ಡದು ಮಾಡು ಅಂದಾರ. ನಿಮಗ ಕನ್ನಡ ತಿಳಿಯಂಗಿಲ್ಲ, ಸುಮ್ನಿರ್ರಿ.”

“ದೊಡ್ಡದು ಮಾಡೋ ಅಂದ್ರ!” ಎಂದು ರಾಯರು ಇನ್ನೊಮ್ಮೆ ಚೀರಿದರು. ಅವನು ಇನ್ನೊಮ್ಮೆ ಒತ್ತಿದ.

ಟಪ್ ಎಂದಿತು. ಗೋಡೆ ಕತ್ತಲಾಯಿತು. ನಾನು ಗಲೀಫ ಎಳೆದು ಎಸೆದೆ, ಕೈ ಸುಟ್ಟಿತು. ಪಂಖ ಮಾತ್ರ ಪಾಪ, ತನ್ನ ಕೆಲಸ ಮುಗಿಸಿಯೇ ನಿಂತಿತು.

ಮರುದಿನ ರಾಯರು ಮೊದಲ ಗಂಟೆಗಿಂತ ಮೊದಲೇ ಬಂದಿದ್ದರು. ಮೂವತ್ತು ವರ್ಷದಲ್ಲಿ ಯಾವ ಹೆಡ್ ಮಾಸ್ತರರೂ ಹಾಗೆ ಬಂದದ್ದು ಕಂಡಿಲ್ಲ. ನನ್ನನ್ನು ಕರೆದು ಕುರ್ಚಿ ತೋರಿಸಿದರು. ಅದನ್ನೂ ಕಂಡಿರಲಿಲ್ಲ. ಮುಂದೆ ಒಂದು ಕಾಗದ ಇಟ್ಟರು. ಬಷೀರುನ್ನೀಸಾ ಟೀಚರ್ ಬಾಗಿಲ ಹತ್ತಿರ ನಿಂತಿದ್ದರು, ಗೋಪಾಲ ಕಿಟಕಿಯ ಹತ್ತಿರ.

“ಅಮೋಘಪ್ಪ, ಸಾಕ್ಷಿ ಅಂತ ಇಲ್ಲಿ ಸಹಿ ಹಾಕು.”

“ಏನ್ ಬರದೀರ್ರಿ?”

“ನಡದದ್ದು ಬರದೀನಿ. ನೀ ಓದಲಾಕ ಕೂತ್ರ ಸಂಜಿ ಆಗ್ತದ.”

“ಆಗ್ಲಿ ಬಿಡ್ರಿ. ಗಂಟಿ ಬಾರಿಸೋದು ಹನ್ನೊಂದಕ್ಕದ.”

ಓದಿದೆ. ಅಕ್ಷರ ಅಕ್ಷರ ಕೂಡಿಸಿ, ಬಾಯಿಬಿಟ್ಟು ಓದಿದೆ. ‘ಸದರಿ ಶಿಕ್ಷಕಿಯವರು ಪಂಖಾ ನಿಲ್ಲುವ ಮೊದಲೇ ವೈರ್ ಕಿತ್ತಿದ್ದರಿಂದ ಲ್ಯಾಂಪ್ ಒಡೆದಿದ್ದು, ಅವರನ್ನು ಮುಂದುವರಿಸುವುದು ಬೇಡ.’ ‘ಮುಂದುವರಿಸುವುದು’ ಎಂಬ ಶಬ್ದ ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು. ರಾಯರ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಟೀಚರ್ ನೆಲ ನೋಡುತ್ತಿದ್ದರು.

“ಇದರಾಗ ನೀವು ಅಂದ ಮಾತೇ ಇಲ್ಲಲ್ರಿ ಸರ್.”

“ಯಾವ ಮಾತೋ?”

“ದೀಪ ದೊಡ್ಡದು ಮಾಡು ಅಂದ್ರಲ್ಲ.”

“ಯಾರು ಅಂದದ್ದು ಹಂಗ?” ಎಂದಿತು ಇನ್ನೊಂದು ದನಿ. ಬಾಗಿಲಲ್ಲಿ ಕಲ್ಯಾಣಪ್ಪ ಸಾಹುಕಾರರು ನಿಂತಿದ್ದರು. ಹನ್ನೊಂದಕ್ಕೆ ಬರುವವರು ಹತ್ತಕ್ಕೇ ಬಂದಿದ್ದರು.

ರಾಯರು ಎದ್ದರು. ಕುರ್ಚಿ ಹಿಂದೆ ಬಿತ್ತು. ನಾನು ಕೂತೇ ಇದ್ದೆ, ಕೂಡ್ರಿಸಿದವರು ಅವರೇ.

“ಹೆಡ್ ಮಾಸ್ತರರು ಅಂದ್ರಿ ಸಾವ್ಕಾರ. ಮಷೀನು ಕಾದಿತ್ತು, ದೀಪ ದೊಡ್ಡದು ಮಾಡು ಅಂದ್ರು. ಟೀಚರ್ ಬಂದ್ ಮಾಡ್ರಿ ಅಂದ್ರು. ಗೋಪಾಲ ಸರ್ ದೊಡ್ಡದು ಮಾಡಿದ್ರು. ಎರಡು ಸರ್ತಿ. ಮ್ಯಾಲ ಗಲೀಫ ಇತ್ತು.”

ಸಾಹುಕಾರರು ಗೋಪಾಲನನ್ನು ನೋಡಿದರು. “ತಮ್ಮಾ, ನಿಮ್ಮ ಮನ್ಯಾಗ ದೇವರ ದೀಪಕ್ಕ ಏನಂತಾರ?”

“ಕರೆಂಟಿಂದದ ಸರ್. ಆಫ್ ಮಾಡ್ತೀವಿ.”

“ಟೀಚರಮ್ಮ, ನಿಮ್ಮ ಮನ್ಯಾಗ?”

ಬಷೀರುನ್ನೀಸಾ ಟೀಚರ್ ತಲೆ ಎತ್ತಿದರು. “ನಮ್ಮ ನಾನಿ ‘ಚಿರಾಗ್ ಬಢಾವ್’ ಅಂತಿದ್ರು ಸರ್. ಬೆಳಸು ಅಂತ. ಅಂದ್ರ ಆರಿಸೋದೇ.”

ಸಾಹುಕಾರರು ರಾಯರ ಕಡೆ ತಿರುಗಿದರು. “ರಾಯರೇ, ನಿಮ್ಮ ಮಾತು ನಿಮ್ಮ ಅಳಿಯಗ ತಿಳೀಲಿಲ್ಲ, ಈ ಹೆಣ್ಣುಮಗಳಿಗೆ ತಿಳೀತು. ಕೀಲಿಕೈ ಯಾರ ಹಂತ್ಯಾಕ ಇರಬೇಕ್ರಿ?”

ರಾಯರ ಬಾಯಿಂದ “ಅದು, ಧೂಳು ಬೀಳ್ತದಂತ...” ಎಂಬಷ್ಟೇ ಹೊರಟಿತು. ಇಪ್ಪತ್ತೆಂಟು ವರ್ಷದ ಸರ್ವಿಸ್ಸಿನ ಜೋರು ಅಷ್ಟರಲ್ಲಿ ಮುಗಿಯಿತು.

ಸಾಹುಕಾರರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. “ಜೂನಿನಾಗ ಟೀಚರ್ ಪತ್ರ ನಾನೇ ಬರೀತೀನಿ,” ಎಂದರು. ಗೋಪಾಲ ಕೀಲಿಕೈಯನ್ನು ಟೀಚರ್ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಇಟ್ಟ. ಟೀಚರ್ ಎತ್ತಿಕೊಂಡರು.

ಹೊಸ ಲ್ಯಾಂಪ್ ಮಾರ್ಚಿನಲ್ಲಿ ಬಂತು. ಹೃದಯ ಮತ್ತೆ ಗೋಡೆಯ ಮೇಲೆ ಬಡಿಯಿತು. ಗಲೀಫದಲ್ಲಿ ಸುಡದೆ ಉಳಿದ ಭಾಗದಿಂದ ನಾನು ಕರಿಹಲಗೆ ಒರೆಸುತ್ತೇನೆ. ಮಖಮಲ್ ಸೀಮೆಸುಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ಜರಿ ಮಾತ್ರ ಗೀರುತ್ತದೆ.

ರಾಯರೂ ಇದ್ದಾರೆ. ಅಂಥವರು ಎಲ್ಲಿಗೂ ಹೋಗುವುದಿಲ್ಲ. ಹೊರಗಿನವರು ಬಂದರೆ ಕ್ಲಾಸಿಗೆ ಕರೆತರುತ್ತಾರೆ, ಬೆರಳೆತ್ತಿ ಹೇಳುತ್ತಾರೆ: “ಪಂಖಾ ನಿಲ್ಲೋತನಕ ವೈರ್ ಕೀಳಂಗಿಲ್ಲ. ಇದು ನಾನು ಹಾಕಿದ ನಿಯಮ.” ಬಂದವರು ತಲೆಯಾಡಿಸುತ್ತಾರೆ. ಬಷೀರುನ್ನೀಸಾ ಟೀಚರ್ ನನ್ನ ಕಡೆ ನೋಡುವುದಿಲ್ಲ, ನೋಡಿದರೆ ನಗು ಬರುತ್ತದೆ. ನಾನು ವೈರಿನ ಹತ್ತಿರ ಕೈಕಟ್ಟಿ, ಬೀಡಿ ನೆನೆಸಿಕೊಳ್ಳುತ್ತಾ, ಪಂಖವೋ ರಾಯರ ಭಾಷಣವೋ ಯಾವುದು ಮೊದಲು ನಿಲ್ಲುತ್ತದೆ ಎಂದು ಕಾಯುತ್ತೇನೆ. ಈವರೆಗೆ ಪ್ರತಿ ಸಲವೂ ಪಂಖವೇ.