ತಲೆನೋವಿನ ಮಾತ್ರೆ

ತೊಂಬತ್ತಾರರ ಚಳಿಗಾಲದಲ್ಲಿ ಶಿವಲಿಂಗಯ್ಯನ ಕಾಲ್ಬೆರಳು ಕೆಂಡ ಮುಟ್ಟಿದಂತೆ ಕೆಂಪಾಗಿ ಉರಿಯತೊಡಗಿದಾಗ ಕಿಕ್ಕೇರಿಯಲ್ಲಿ ಯಾರೂ ಅದನ್ನು ಕಾಯಿಲೆ ಅಂತ ಎಣಿಸಲಿಲ್ಲ. ಗದ್ದೆಯ ಕೆಸರು ಅಂದರು, ಉಷ್ಣ ಅಂದರು, ಹರಳೆಣ್ಣೆ ತಿಕ್ಕಿದರು. ಕೊನೆಗೆ ಹೆಂಡತಿ ಮಾಯಮ್ಮನೇ ಹಟಕ್ಕೆ ಬಿದ್ದು ಮೈಸೂರಿಗೆ ಕರೆದುಕೊಂಡು ಹೋದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ಗಾಯ ಆದಾಗ ರಕ್ತ ಹೆಪ್ಪುಗಟ್ಟಿಸೋ ಕಣ ಇರ್ತವಲ್ಲಮ್ಮ, ಪ್ಲೇಟ್‌ಲೆಟ್ಟು, ಅವು ಇವರಿಗೆ ಮಿತಿಮೀರಿ ಹುಟ್ತಿವೆ. ರಕ್ತದ ಕ್ಯಾನ್ಸರಿನಲ್ಲೇ ನಿಧಾನದ ಒಂದು ಬಗೆ. ಗಾಯ ಇಲ್ಲದ ಕಡೆನೂ ಕಟ್ಕೊಂಡು, ತೂಬಿಗೆ ಕಸ ಸಿಕ್ಕಿದ ಹಾಗೆ ರಕ್ತನಾಳ ಮುಚ್ಚಿಬಿಡ್ತವೆ."

"ರಕ್ತ ಕೊಡಕ್ಕೆ ನನ್ ತಮ್ಮ ಅವ್ನೆ ಸಾ," ಅಂದಳು ಮಾಯಮ್ಮ. ಕ್ಯಾನ್ಸರ್ ಅಂದರೆ ರಕ್ತ ಏರಿಸಬೇಕು ಅನ್ನುವುದಷ್ಟೇ ಅವಳಿಗೆ ಗೊತ್ತು.

"ಕೊಡೋದೇನೂ ಬೇಡ. ಈ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ."

ಆ ಮಾತ್ರೆಯಲ್ಲೇ ಎಡವಟ್ಟಾಯಿತು ನೋಡಿ. ಕಾಲಿನ ಉರಿಯೇನೋ ಬೇಗ ಇಳಿಯಿತು. ಆದರೆ ಊರಿನ ಔಷಧಿ ಅಂಗಡಿಯವನು ಚೀಟಿ ನೋಡಿ, "ಇದು ತಲೆನೋವಿನ ಮಾತ್ರೆ ಕಣಕ್ಕ," ಅಂದುಬಿಟ್ಟ. ಕ್ಯಾನ್ಸರಿಗೆ ತಲೆನೋವಿನ ಮಾತ್ರೆಯಂತೆ! ಸಾಲದ್ದಕ್ಕೆ ಅದನ್ನು ನುಂಗಿದಾಗಿನಿಂದ ಶಿವಲಿಂಗಯ್ಯನಿಗೆ ಹೊಟ್ಟೆಯಲ್ಲಿ ಸಂಕಟ, ಊಟ ಸೇರದು. ಗಂಡ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರೆ ಯಾವ ಹೆಂಡತಿಯ ಕರುಳು ಚುರುಕ್ ಅನ್ನುವುದಿಲ್ಲ?

"ತಲೆ ನೋಯ್ತದಾ ನಿಮ್ಗೆ?"

"ಇಲ್ಲ ಕಣಮ್ಮಿ."

"ಮತ್ಯಾಕ್ ನುಂಗೀರಿ? ಬುಟ್ಬುಡಿ. ಒಟ್ಟೆನಾರ ಸರೋಗ್ಲಿ."

ಬಿಟ್ಟ. ಊಟ ಮತ್ತೆ ಸೇರತೊಡಗಿತು. ಮಾಯಮ್ಮ ತಾನು ಗೆದ್ದೆ ಅಂದುಕೊಂಡಳು, ಪಾಪ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲು ಕರೆಯಲು ಕೂತವನು ಕೊಟ್ಟಿಗೆಯಲ್ಲೇ ಉರುಳಿಬಿದ್ದ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಬಾಯಿ ಸೊಟ್ಟಗಾಗಿತ್ತು, ಮಾತಿಲ್ಲ. ಮಾಯಮ್ಮನ ತಮ್ಮ ಸಿದ್ದರಾಜು ಕಾರು ಮಾಡಿಕೊಂಡು ಬಂದ. ಮೈಸೂರಿನ ದಾರಿಯಲ್ಲಿ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮಾಯಮ್ಮ ಕೆಳಗೆ ಹರಿಯುವ ಕಾವೇರಿಗೆ ಕೈ ಮುಗಿದಳು. ಅವಳ ಕೈಯಲ್ಲಿ ಇನ್ನೇನಿತ್ತು?

"ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ," ಅಂದರು ಡಾಕ್ಟರು. "ಮಾತ್ರೆ ದಿನಾ ಕೊಡ್ತಿದ್ರಾ?"

ಸಿದ್ದರಾಜು ಅಕ್ಕನ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಮಂಚದ ಮೇಲಿದ್ದ ಶಿವಲಿಂಗಯ್ಯ ಎಡಗೈ ಎತ್ತಿ, ಬಾಯಿಗೆ ಮಾತ್ರೆ ಹಾಕಿಕೊಂಡಂತೆ ತೋರಿಸಿ, ಹೌದೆಂದು ತಲೆಯಾಡಿಸಿದ.

ಡಾಕ್ಟರ ಹುಬ್ಬು ಗಂಟಿಕ್ಕಿತು. "ನುಂಗಿದ್ರೂ ಹೀಗಾಯ್ತಾ? ಹಾಗಾದ್ರೆ ಆ ಮಾತ್ರೆ ಇವರಿಗೆ ನಾಟಿಲ್ಲ, ಬೇರೆ ಔಷಧಿ ಕೊಡಬೇಕಾಗುತ್ತೆ."

"ನುಂಗಿಲ್ಲ ಸಾ. ನಾನೇ ಬುಡುಸ್ದೆ." ಗಂಡ ಅವಳ ಸೆರಗು ಹಿಡಿದು ಜಗ್ಗಿದ. ಅವಳು ನಿಲ್ಲಿಸಲಿಲ್ಲ. "ನನ್ ಮೇಲೆ ತೆಪ್ಪು ಬರಬಾರ್ದು ಅಂತ ಅವ್ರು ಅಂಗಂತಾವ್ರೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ತಲೆನೋವಿಗೆ ಕೊಡೋ ಮಾತ್ರೆನೇ ಅಮ್ಮ, ಆದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದೂ ಅದೇ. ಇವತ್ತಿಂದ ಮತ್ತೆ ಶುರು ಮಾಡೋಣ," ಅಂದರು.

"ಮಾತು ಬತ್ತದಾ ಸಾ?"

"ಹೇಳೋಕಾಗಲ್ಲಮ್ಮ."

ಶಿವಲಿಂಗಯ್ಯ ಇನ್ನೂ ಡಾಕ್ಟರ ಕಡೆಗೇ ನೋಡುತ್ತಾ, ನುಂಗಿದೆ, ನುಂಗಿದೆ ಎಂದು ತಲೆಯಾಡಿಸುತ್ತಲೇ ಇದ್ದ.