ಲಿಫ್ಟ್ ಹತ್ತದ ಹಾಗ್ಲಂಡ್

ಓರಿನ್ ಹಾಗ್ಲಂಡ್ ಅವರ ಆಗಮನ ನಮಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಊರುಗೋಲನ್ನೂ ಬಲಗಾಲನ್ನೂ ಗಟ್ಟಿಯಾಗಿ ಊರಿ, ಕೆಟ್ಟ ಮಂಡಿಯ ಎಡಗಾಲನ್ನು ಅದರ ಹಿಂದೆ ಎಳೆದುಕೊಂಡು, ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು ಸುಧಾರಿಸಿಕೊಂಡು, ರಾಜ್ಯದ ನ್ಯಾಯಭವನದ ನಾಲ್ಕು ಮಹಡಿಗಳನ್ನು ಅವರು ಇಪ್ಪತ್ತೆರಡು ವರ್ಷ ಮೆಟ್ಟಿಲಿನಲ್ಲೇ ಹತ್ತಿದರು. ಲಿಫ್ಟ್ ಇರಲಿಲ್ಲವೆಂದಲ್ಲ, ಹಿತ್ತಾಳೆಯ ಗುಂಡಿಗಳ, ಸದ್ದೇ ಮಾಡದ ಸೊಗಸಾದ ಲಿಫ್ಟ್ ಇತ್ತು. ಆದರೆ ಅದರಲ್ಲಿ ನ್ಯಾಯಾಧೀಶರು ಓಡಾಡುತ್ತಿದ್ದರು. ನ್ಯಾಯಾಧೀಶರ ಮೇಲೆ ಜನಸಾಮಾನ್ಯರು ಕೊಡುವ ದೂರುಗಳನ್ನು ವಿಚಾರಿಸುವ ಆಯೋಗಕ್ಕೆ ಹಾಗ್ಲಂಡ್ ಕಾರ್ಯನಿರ್ವಾಹಕ ನಿರ್ದೇಶಕರು. ನಾನು ಅಲ್ಲಿ ನಡಾವಳಿ ಬರೆಯುವವನು.

"ಅರ್ಧ ನಿಮಿಷ ಒಟ್ಟಿಗೆ ನಿಂತ್ರೆ ಹಿಮದ ಮಾತು ಬರುತ್ತೆ," ಎನ್ನುತ್ತಿದ್ದರು, "ಹಿಮ ಮುಗಿದ್ಮೇಲೆ ಮೊಮ್ಮಕ್ಕಳ ಮಾತು. ಮೊಮ್ಮಕ್ಕಳ ಫೋಟೋ ನೋಡಿಬಿಟ್ಟ ಮೇಲೆ ಆ ಮನುಷ್ಯನಿಗೆ ನೋಟಿಸು ಹೇಗಯ್ಯಾ ಕಳಿಸ್ಲಿ?"

ಅವರ ಕಂದು ಬಣ್ಣದ ಉಣ್ಣೆ ಕೋಟಿನ ಬಲಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು, ಅದರಲ್ಲೊಂದು ದಪ್ಪ ಟಿಪ್ಪಣಿ ಪುಸ್ತಕ. ಯಾರು ಏನೇ ಹೇಳಲಿ, ಮೂರು ಪ್ರಶ್ನೆಗಳು ಆ ಪುಸ್ತಕಕ್ಕಿಂತ ಮೊದಲು ಹೊರಬರುತ್ತಿದ್ದವು: "ಯಾವತ್ತು? ಎಷ್ಟೊತ್ತಿಗೆ? ಯಾರೆದುರು?" ನನಗೆ ಮಗಳು ಹುಟ್ಟಿದ ಸುದ್ದಿಯನ್ನು ಕುಣಿದಾಡುತ್ತ ಹೇಳಿದಾಗಲೂ ಇದೇ ಮೂರು ಪ್ರಶ್ನೆ ಕೇಳಿ, ಆಮೇಲೆ ನಾಚಿಕೊಂಡು ಕೈಕುಲುಕಿದ್ದರು. ಒಮ್ಮೆ ಕೆಳಮಹಡಿಯ ನ್ಯಾಯಾಧೀಶರೊಬ್ಬರು ಕ್ರಿಸ್‌ಮಸ್‌ಗೆಂದು ಬಿಸಿಬಿಸಿ ಸೇಬಿನ ಕಡುಬು ಕಳಿಸಿದರು. ಕಚೇರಿಯೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದರೆ, ಈ ಪುಣ್ಯಾತ್ಮ ತಟ್ಟೆಯನ್ನು ಹಾಗೇ ವಾಪಸು ಕಳಿಸಿ ಜೊತೆಗೊಂದು ಚೀಟಿ ಇಟ್ಟರು: "ಪರಿಮಳವನ್ನು ಮಾತ್ರ ಸ್ವೀಕರಿಸಲಾಗಿದೆ. ಅದನ್ನು ಹಿಂದಿರುಗಿಸುವ ಉಪಾಯ ತೋಚಲಿಲ್ಲ."

ಇಂಥವರಿಗೆ ನಿವೃತ್ತಿ ಬಂತು. ಜಾಹೀರಾತು ಹೊರಟಿತು, ನಲವತ್ತೊಂದು ಅರ್ಜಿಗಳು ಬಂದವು, ಸೋಸಿ ಸೋಸಿ ಕೊನೆಗೆ ಇಬ್ಬರು ಉಳಿದರು. ಒಬ್ಬಾತ ಗ್ರೇಡಿ ಸನ್‌ವಾಲ್, ಉಚ್ಚ ನ್ಯಾಯಾಲಯದ ಮೊಗಸಾಲೆಯಲ್ಲೇ ಬೆಳೆದ ವಕೀಲ, ನಗು ಮಾಸದ ಮುಖ. ನ್ಯಾಯಾಧೀಶರನ್ನು ಪಾಲುದಾರರಂತೆ ಕಾಣಬೇಕೆಂದು ಅರ್ಜಿಯಲ್ಲೇ ಬರೆದಿದ್ದ. ಇನ್ನೊಬ್ಬಳು ನಮ್ಮ ಡೆಲ್ಫೀನ್ ಅಜೂರ್. ಉತ್ತರದ ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಬಂದು, ಹನ್ನೊಂದು ವರ್ಷ ಹಾಗ್ಲಂಡರ ಕೈಕೆಳಗೆ ತನಿಖೆ ಮಾಡಿದವಳು, ಮಾತು ಕಡಿಮೆ, ಬೂಟು ಸದಾ ಕೆಸರು. ಮೂರು ವರ್ಷದಿಂದ ತೀರ್ಪು ಕಾಣದೆ ಕಾಯುತ್ತಿದ್ದ ಮುದುಕಿಯೊಬ್ಬಳ ದೂರಿನ ಬೆನ್ನುಹತ್ತಿ ಮುನ್ನೂರು ಮೈಲಿ ಹಿಮದಲ್ಲಿ ಕಾರು ಓಡಿಸಿದ್ದಳು. ಸನ್‌ವಾಲ್ ಬಂದರೆ ಇಂಥ ದೂರುಗಳೆಲ್ಲ ಬೀರುವಿನಲ್ಲಿ ಮಲಗುತ್ತವೆಂಬುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ.

ಆದರೆ ಆಯ್ಕೆ ಆಯೋಗದ ಒಂಬತ್ತು ಸದಸ್ಯರದು. ಹೊರಹೋಗುವ ನಿರ್ದೇಶಕ ಈ ವಿಷಯದಲ್ಲಿ ಯಾವ ಸದಸ್ಯರೊಡನೆಯೂ ಸಭೆಯ ಹೊರಗೆ ಒಂದಕ್ಷರ ಆಡಕೂಡದೆಂಬ ನಿಯಮವಿತ್ತು, ಅದನ್ನು ಬರೆದವರು ಸಾಕ್ಷಾತ್ ಹಾಗ್ಲಂಡರೇ! ಆ ಫೆಬ್ರವರಿಯಲ್ಲಿ ಅವರ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಕೂತರೆ ಏಳುವರು, ಎದ್ದರೆ ಕಿಟಕಿಗೆ ಹೋಗಿ ಪರದೆ ಸರಿಮಾಡುವರು, ಸರಿಯಾಗಿದ್ದ ಪರದೆಯನ್ನು ಸೊಟ್ಟ ಮಾಡಿ ಮತ್ತೆ ನೆಟ್ಟಗೆ ಮಾಡುವರು, ಮುಗಿದ ಕಡತವನ್ನು ತೆರೆದು ಮುಚ್ಚಿ ಎಲ್ಲಿಟ್ಟೆನೆಂದು ಹುಡುಕುವರು. ಸದಸ್ಯರ ಒಲವು ಸನ್‌ವಾಲ್ ಕಡೆಗಿದೆಯೆಂಬ ಗುಸುಗುಸು ಬಂದ ದಿನದಿಂದ ಊಟವೂ ಸೇರುತ್ತಿರಲಿಲ್ಲ. ತಂದ ಆಲೂಗಡ್ಡೆ ಸೂಪು ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತಿತ್ತು.

ಸಂದರ್ಶನದ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ, ನಾನು ಲಿಫ್ಟಿನೊಳಗಿದ್ದೆ. ಪಕ್ಕದಲ್ಲಿ ಆಯೋಗದ ಅಧ್ಯಕ್ಷೆ, ನ್ಯಾಯಾಧೀಶೆ ಲೆನೋರಾ ಫೈಫ್ಲ್. ಮುಚ್ಚುತ್ತಿದ್ದ ಬಾಗಿಲಿನ ನಡುವೆ ಊರುಗೋಲೊಂದು ತೂರಿತು. ಅದರ ಹಿಂದೆ ಆ ಕಂದು ಕೋಟು ಒಳಬಂತು. ಅಯ್ಯೋ, ಇಪ್ಪತ್ತೆರಡು ವರ್ಷದ ವ್ರತ!

"ಜಡ್ಜ್ ಮೇಡಂ," ಎಂದರು, "ಡೆಲ್ಫೀನ್‌ನ ಕೈಬಿಟ್ರೆ ಈ ಆಫೀಸು ಉಳಿಯಲ್ಲ. ಇಷ್ಟೇ ನಾನು ಹೇಳೋದು."

ಆಕೆ ಮಹಡಿಯ ಅಂಕಿಗಳನ್ನೇ ನೋಡುತ್ತ, "ನಿಮ್ಮ ಮಂಡಿ ಈಗ ಹೇಗಿದೆ, ಓರಿನ್?" ಎಂದರು. ನಾನು ನನ್ನ ಬೂಟು ನೋಡಿಕೊಂಡೆ.

ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡ ಹಾಗ್ಲಂಡ್, ಆಮೇಲೆ ತಡೆಯಲಾರದೆ ಡೆಲ್ಫೀನಳ ಮೇಜಿನ ಬಳಿ ಬಂದು, ನನ್ನೆದುರೇ ಪಿಸುಗುಟ್ಟಿದರು: "ನಿನ್ನ ಪರವಾಗಿ ಅಧ್ಯಕ್ಷೆ ಕಿವಿಗೆ ಒಂದು ಮಾತು ಹಾಕಿದೀನಿ."

ಡೆಲ್ಫೀನ್ ಪೆನ್ನು ಕೆಳಗಿಟ್ಟಳು. "ಯಾವತ್ತು?" ಎಂದಳು. "ಎಷ್ಟೊತ್ತಿಗೆ? ಯಾರೆದುರು?"

ಅವರು ತಮಾಷೆಯೆಂದು ನಕ್ಕುಬಿಟ್ಟರು. ಅವಳು ನಗಲಿಲ್ಲ, ನನ್ನ ಕಡೆ ತಿರುಗಿದಳು. ನಾನು ಹೇಳಲೇಬೇಕಾಯಿತು.

ಮರುದಿನ ಸಂದರ್ಶನದ ಕೋಣೆಯಲ್ಲಿ, ಪ್ರಶ್ನೆಗಳು ಆರಂಭವಾಗುವ ಮೊದಲೇ ಅವಳು ಎದ್ದುನಿಂತಳು. "ಒಂದು ವಿಷಯ ನಡಾವಳಿಗೆ ಹೋಗ್ಬೇಕು. ನಿನ್ನೆ ಮಂಗಳವಾರ ಬೆಳಿಗ್ಗೆ ಎಂಟು ಹತ್ತಕ್ಕೆ, ಲಿಫ್ಟಲ್ಲಿ, ಈ ಗುಮಾಸ್ತರ ಎದುರು, ಓರಿನ್ ಹಾಗ್ಲಂಡ್ ಅವರು ನನ್ನ ಪರವಾಗಿ ಅಧ್ಯಕ್ಷರ ಹತ್ರ ಶಿಫಾರಸು ಮಾಡಿದ್ದಾರೆ. ಅದು ತಪ್ಪು. ಇದರಿಂದ ನಾನು ಈ ಕೆಲಸಕ್ಕೆ ತಕ್ಕವಳಲ್ಲ ಅನ್ನಿಸಿದ್ರೆ ಈಗಲೇ ಹೊರಡ್ತೀನಿ."

ಒಂಬತ್ತು ಜನರಲ್ಲಿ ಎಂಟು ಜನ ಅಧ್ಯಕ್ಷೆಯನ್ನು ನೋಡಿದರು. ಆಕೆಯ ಮುಖ ಕೆಂಪಗಾಗಿತ್ತು. ವಿಷಯ ತಿಳಿದಿದ್ದೂ ಆಕೆ ಯಾರಿಗೂ ಹೇಳಿರಲಿಲ್ಲ. "ಬರ್ಕೊಳ್ಳಿ," ಎಂದು ನನಗೆ ಹೇಳಿ, ಮತದಾನದಿಂದ ತಾವು ದೂರವಿರುವುದಾಗಿ ತಿಳಿಸಿ ಹೊರಗೆ ನಡೆದರು. ನನಗೆ ಅನ್ನ ಹಾಕಿದ ಮನುಷ್ಯನ ಹೆಸರನ್ನು ತಪ್ಪಿತಸ್ಥನ ಜಾಗದಲ್ಲಿ ನಾನೇ ಬರೆದೆ. ಕೈ ಸುಟ್ಟಂತಾಯಿತು, ಸುಳ್ಳೇಕೆ ಹೇಳಲಿ.

ಹಾಗ್ಲಂಡ್ ಮೆಟ್ಟಿಲಿನ ತಿರುವಿನಲ್ಲಿ ಕೂತಿದ್ದರು. ಡೆಲ್ಫೀನ್ ನೇರವಾಗಿ ಹೋಗಿ ಅವರ ಪಕ್ಕದಲ್ಲಿ ಕೂತು, "ನಿಮ್ಮ ಮೇಲೆ ದೂರು ಕೊಟ್ಟು ಬಂದೆ, ಓರಿನ್," ಎಂದಳು. ಅವಳ ಕಣ್ಣು ತುಂಬಿತ್ತು.

ಅವರ ಗಲ್ಲ ಒಮ್ಮೆ ಅದುರಿತು. ಕಂಬಿಯನ್ನು ಸವರುತ್ತ, "ಸಮಯ ಎಷ್ಟಂತ ಹೇಳ್ದೆ?" ಎಂದು ಕೇಳಿದರು.

"ಎಂಟು ಹತ್ತು."

"ಎಂಟು ಹನ್ನೆರಡು." ಜೋತುಬಿದ್ದ ಜೇಬಿನಿಂದ ಪುಸ್ತಕ ತೆಗೆದು, ಪುಟ ಬಿಡಿಸಿ ಅವಳ ಮುಂದೆ ಹಿಡಿದರು. ತಾರೀಖು, ವೇಳೆ, ನನ್ನ ಹೆಸರು, ಅವರಾಡಿದ ಮಾತು, ಎಲ್ಲವೂ ಅವರದೇ ಅಕ್ಷರದಲ್ಲಿ ಇದ್ದವು. "ನಿನ್ನೆನೇ ಬರ್ದಿಟ್ಟೆ. ಕೊಡೋಕೆ ಧೈರ್ಯ ಬರ್ಲಿಲ್ಲ. ಹೋಗು, ಸಮಯ ತಿದ್ದಿಸು."

ಅವಳು ಹೋಗಿ ತಿದ್ದಿಸಿದಳು. ಐದಕ್ಕೆ ಮೂರು ಮತಗಳಿಂದ ಡೆಲ್ಫೀನ್ ಆಯ್ಕೆಯಾದಳು. ಹಾಗ್ಲಂಡರಿಗೆ ಸಿಗಬೇಕಿದ್ದ ಪ್ರಶಂಸಾಪತ್ರದ ಬದಲು ವಾಗ್ದಂಡನೆಯ ಪತ್ರ ಬಂತು. ಅದನ್ನು ಅವರು ಎರಡು ಸಲ ಓದಿ, ಒಂದು ಕಡೆ ಅಲ್ಪವಿರಾಮ ಸೇರಿಸಿ, ಸಹಿ ಹಾಕಿ ಹಿಂದಿರುಗಿಸಿದರು. ಕೊನೆಯ ದಿನ ಬಲಗಾಲು, ಎಡಗಾಲು ಎಂದು ಮೆಟ್ಟಿಲಿನಲ್ಲೇ ಇಳಿದು ಹೋದರು.

ಕಟ್ಟುನಿಟ್ಟಿನ ಜನರೆಂದರೆ ಎದೆಯಲ್ಲಿ ಮಮತೆ ಇಲ್ಲದವರೆಂದು ನಾನೂ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ತಮ್ಮ ಮಮತೆ ಎಷ್ಟು ಬೇಗ ಕರಗುವಂಥದೆಂದು ಬಲ್ಲವರೇ ಮೆಟ್ಟಿಲು ಹತ್ತುತ್ತಾರೆ. ಅವರ ಅಪನಂಬಿಕೆಯೆಲ್ಲ ತಮ್ಮ ಮೇಲೆಯೇ. ಅಂಥವರೂ ಎಂದೋ ಒಂದು ದಿನ, ಯಾರದೋ ಮೇಲಿನ ಪ್ರೀತಿಗೆ ಸೋತು, ಮುಚ್ಚುವ ಬಾಗಿಲಿಗೆ ಊರುಗೋಲು ತೂರಿಸುತ್ತಾರೆ. ಆ ದಿನ ತಾವೇ ತಿದ್ದಿ ಬೆಳೆಸಿದವರ ಕೈಗೆ ಸಿಕ್ಕಿಬೀಳುವ ಪುಣ್ಯ ಅವರಲ್ಲಿ ಎಲ್ಲರಿಗೂ ಇರುವುದಿಲ್ಲ. ಹಾಗ್ಲಂಡರಿಗೆ ಇತ್ತು.